ಬಾಗಿಲು ಹಾಕಿಕೊಂಡು ಬರೆದ ಪತ್ರ

(ದಾವಣಗೆರೆಯ ಕಾಲೇಜೊಂದರಲ್ಲಿ ಕೊನೆಯ ವರ್ಷದ ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತು ದಾರಿ ತಪ್ಪಿದ ಕಡೆ ಸ್ವಲ್ಪ ಕತ್ತರಿಸಿದ್ದೇನೆ. ಎಲ್ಲಾ ಕಡೆ ಅಲ್ಲ.)

ಎಲ್ಲರಿಗೂ ನಮಸ್ಕಾರ.

ನಿಮ್ಮ ಪ್ಲೇಸ್‌ಮೆಂಟ್ ಆಫೀಸರ್ ನನ್ನ ಪರಿಚಯ ಮಾಡಿಕೊಡುವಾಗ "ನೂರಾರು ಜನಕ್ಕೆ ಕೆಲಸ ಕೊಟ್ಟವರು" ಅಂದರು. ಕೇಳೋಕೆ ಚೆನ್ನಾಗಿದೆ. ಆದರೆ ಲೆಕ್ಕ ಪೂರ್ತಿ ಹೇಳಲಿಲ್ಲ. ಇಪ್ಪತ್ತಾರು ವರ್ಷ ಸಿಬ್ಬಂದಿ ವಿಭಾಗದಲ್ಲಿ ಕೂತವಳು ಕೆಲಸ ಕೊಟ್ಟಿರುತ್ತಾಳೆ, ತೆಗೆದೂ ಇರುತ್ತಾಳೆ. ಕೊಟ್ಟವರ ಮುಖ ನನಗೆ ಅಷ್ಟಾಗಿ ನೆನಪಿಲ್ಲ. ತೆಗೆದವರ ಮುಖ ನೆನಪಿದೆ.

ಅಂಥ ಒಂದು ಮುಖದಿಂದ ಶುರು ಮಾಡುತ್ತೇನೆ. ಕಂಪನಿ ಹೆಸರು ಬೇಡ, ಹುಡುಗನ ಹೆಸರೂ ಬೇಡ. ಹೇಳಿದರೆ ನೀವು ಈಗಲೇ ಮೊಬೈಲ್ ತೆಗೆದು ಹುಡುಕುತ್ತೀರಿ. ಹಿಂದಿನ ಸಾಲಿನಲ್ಲಿ ಒಬ್ಬರು ಆಗಲೇ ತೆಗೆದಿದ್ದಾರೆ. ಇರಲಿ, ಇವತ್ತಿನ ಮಾತು ಅದರ ಬಗ್ಗೆಯೇ.

ಜಗಳೂರು ಕಡೆಯ ಹುಡುಗ. ಅಪ್ಪನಿಗೆ ನಾಲ್ಕು ಎಕರೆ ಹೊಲ, ಮಳೆ ಬಂದರೆ ಮೆಕ್ಕೆಜೋಳ. ಬಿ.ಕಾಂ. ಮುಗಿಸಿ ನಮ್ಮಲ್ಲಿ ಅಕೌಂಟ್ಸ್‌ಗೆ ಸೇರಿದ. ಒಂದು ವರ್ಷ ಪ್ರೊಬೇಷನ್, ಅಂದರೆ ಖಾಯಂ ಆಗುವ ಮುಂಚಿನ ಪರೀಕ್ಷೆಯ ಅವಧಿ. ದಿನಾ ಬಸ್ಸಿನಲ್ಲಿ ಬರುತ್ತಿದ್ದ. ಹತ್ತು ತಿಂಗಳಲ್ಲಿ ತಡವಾಗಿ ಬಂದದ್ದು ಒಂದೇ ದಿನ. ಆ ದಿನ ಬಸ್ಸು ಕೆಟ್ಟಿತ್ತು.

2023ರಲ್ಲಿ ಒಂದು ಗುರುವಾರ, ಬೆಳಿಗ್ಗೆ ಹನ್ನೊಂದೂವರೆಗೆ, ನಮ್ಮ ಎಂ.ಡಿ. ಮೊಬೈಲಿಗೆ ಒಂದು ಸ್ಕ್ರೀನ್‌ಶಾಟ್ ಬಂತು. ಅಲ್ಲಿಂದ ನನ್ನ ಮೊಬೈಲಿಗೆ. ಆ ಹುಡುಗನ ಫೇಸ್‌ಬುಕ್ ಪೋಸ್ಟ್, 2017ರದ್ದು. ಆಗ ಅವನು ಸೆಕೆಂಡ್ ಪಿಯುಸಿ. ಮೀಸಲಾತಿಯಲ್ಲಿ ಸೀಟು ತಗೊಂಡ ಡಾಕ್ಟರ ಹತ್ತಿರ ರೋಗಿ ನಡೆದುಕೊಂಡು ಹೋಗುತ್ತಾನೆ, ನಾಲ್ಕು ಜನರ ಹೆಗಲ ಮೇಲೆ ವಾಪಸ್ ಬರುತ್ತಾನೆ. ಅಂಥ ಒಂದು ಚಿತ್ರ. ಮಾಡಿದವರು ಯಾರೋ. ಇವನು ಅದನ್ನು ಹಂಚಿಕೊಂಡು, ಮೇಲೆ ಒಂದು ಜಾತಿಯ ಹೆಸರು ಬರೆದು, ನಗುವ ಮುಖ ನಾಲ್ಕು ಹಾಕಿದ್ದ. ಹನ್ನೊಂದು ಲೈಕು ಬಿದ್ದಿತ್ತು.

ನಾನು ಬಾಗಿಲು ಹಾಕಿಕೊಂಡು ಪತ್ರ ಬರೆದೆ. "ಪ್ರೊಬೇಷನ್ ಅವಧಿಯಲ್ಲಿ ನಿಮ್ಮ ಸೇವೆ ತೃಪ್ತಿಕರವಾಗಿ ಕಂಡುಬರದ ಕಾರಣ" ಅಂತ. ಅದು ಸುಳ್ಳು. ಸೇವೆ ತೃಪ್ತಿಕರವಾಗಿಯೇ ಇತ್ತು. ಆದರೆ ನಿಜವಾದ ಕಾರಣ ಬರೆದರೆ ಮುಂದೆ ಕೇಸು ಗೀಸು ಅಂತ ಆಗಬಹುದು, ಪ್ರೊಬೇಷನ್ ಅಂದರೆ ಯಾರೂ ಕೇಳಲ್ಲ. ಈ ಬುದ್ಧಿ ನನಗೆ ಇಪ್ಪತ್ತೈದು ವರ್ಷದ ಅನುಭವ ಕಲಿಸಿತ್ತು.

ಒಂದು ಗಂಟೆಗೆ ಅವನನ್ನು ಕರೆಸಿದೆ. ಸ್ಕ್ರೀನ್‌ಶಾಟ್ ತೋರಿಸಿದೆ. ಅವನು ಬಹಳ ಹೊತ್ತು ನೋಡಿ, "ಮೇಡಂ, ಇದು ನಾನೇ ಹಾಕಿದ್ದಾ?" ಅಂದ. ನಾಟಕ ಅಂದುಕೊಂಡೆ. ಈಗ ಯೋಚಿಸಿದರೆ ನಿಜಕ್ಕೂ ಮರೆತಿದ್ದ ಅನಿಸುತ್ತದೆ. ಆಮೇಲೆ, "ಅವಾಗ ಪಿಯುಸಿಲಿದ್ದೆ ಮೇಡಂ. ಎಲ್ಲಾರೂ ಹಾಕ್ತಿದ್ರು" ಅಂದ. ನಾನು ಪೆನ್ನು ಮುಂದಿಟ್ಟೆ. ಸಹಿ ಮಾಡಿದ. ಎರಡು ಗಂಟೆಯ ಬಸ್ಸಿಗೆ ಊರಿಗೆ ಹೋದ.

ಸ್ಕ್ರೀನ್‌ಶಾಟ್ ಬಂದಾಗಿನಿಂದ ಸಹಿ ಬೀಳುವವರೆಗೆ ಎರಡು ಗಂಟೆಯೂ ಹಿಡಿಯಲಿಲ್ಲ.

ಈಗ ಇನ್ನೊಬ್ಬನ ಕಥೆ ಕೇಳಿ. 1998, ನಾನು ಕೆಲಸಕ್ಕೆ ಸೇರಿದ ವರ್ಷ, ಒಂದು ಬಟ್ಟೆ ಗಿರಣಿಯಲ್ಲಿ. ನಮ್ಮ ಊರನ್ನು ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆದದ್ದು ನಿಮ್ಮ ಅಜ್ಜಂದಿರ ಕಾಲ. ನಾನು ಸೇರುವ ಹೊತ್ತಿಗೆ ಆ ಹೆಸರು ಮಾತ್ರ ಉಳಿದಿತ್ತು. ಒಂದು ಸಂಜೆ ಶಿಫ್ಟ್ ಮುಗಿದಾಗ ಗೇಟಿನಲ್ಲಿ ಒಬ್ಬ ಕಾರ್ಮಿಕ ಸಿಕ್ಕಿಬಿದ್ದ. ಊಟದ ಡಬ್ಬಿಯಲ್ಲಿ, ಅನ್ನ ಇರಬೇಕಾದ ಜಾಗದಲ್ಲಿ, ಹಿತ್ತಾಳೆ ಸಾಮಾನು. ಹದಿನೆಂಟು ವರ್ಷ ಸರ್ವಿಸ್ ಆದವನು. ಕಳ್ಳತನ, ಕಣ್ಣಾರೆ ಕಂಡದ್ದು. ಅವನಿಗೆ ಏನಾಯಿತು ಗೊತ್ತಾ? ಮೊದಲು ಚಾರ್ಜ್‌ಶೀಟ್ ಕೊಟ್ಟರು. ಉತ್ತರ ಕೊಡೋಕೆ ಸಮಯ ಕೊಟ್ಟರು. ಎಂಕ್ವೈರಿ ಕೂರಿಸಿದರು. ಅವನ ಪರ ಮಾತಾಡೋಕೆ ಯೂನಿಯನ್ನಿನ ಒಬ್ಬರು ಬಂದರು. ಮಗಳ ಆಸ್ಪತ್ರೆ ಖರ್ಚಿನ ವಿಷಯ ಅಲ್ಲೇ ಹೊರಗೆ ಬಂತು. ನಾಲ್ಕು ತಿಂಗಳು ನಡೀತು. ಕೊನೆಗೆ ಎರಡು ಇನ್‌ಕ್ರಿಮೆಂಟ್ ಕಟ್ ಮಾಡಿ ಕೆಲಸದಲ್ಲಿ ಉಳಿಸಿಕೊಂಡರು.

ಗಿರಣಿಯವರು ಧರ್ಮರಾಯರಾಗಿದ್ದರು ಅಂತಲ್ಲ. ಕಾನೂನು ಹಾಗಿತ್ತು. ಕಾರ್ಖಾನೆ ಕೆಲಸಗಾರರ ನಿಯಮಗಳಿಗೆ ಅಂತ ಇದ್ದ 1946ರ ಸ್ಟ್ಯಾಂಡಿಂಗ್ ಆರ್ಡರ್ಸ್ ಕಾಯ್ದೆಯ ಕೆಳಗೆ ಬಂದ ಮಾದರಿ ನಿಯಮಗಳಲ್ಲಿ ಒಂದು ಸಾಲು ಇತ್ತು. ಶಿಕ್ಷೆ ಕೊಡುವವನು ತಪ್ಪು ಎಷ್ಟು ದೊಡ್ಡದು, ಕಾರ್ಮಿಕನ ಹಿಂದಿನ ನಡತೆ ಹೇಗಿತ್ತು, ಹಗುರ ಮಾಡುವ ಅಥವಾ ಹೆಚ್ಚು ಮಾಡುವ ಸಂದರ್ಭ ಏನಾದರೂ ಇತ್ತಾ ಅಂತ ನೋಡಬೇಕು. ಶಿಕ್ಷೆ ಅತಿಯಾಯಿತು ಅನಿಸಿದರೆ ಲೇಬರ್ ಕೋರ್ಟ್ ಕಡಿಮೆ ಮಾಡುವ ಅಧಿಕಾರವೂ ಇತ್ತು. ಸರ್ಕಾರಿ ನೌಕರರಿಗಂತೂ ಸಂವಿಧಾನದ 311ನೇ ವಿಧಿಯೇ ಇದೆ. ವಿಚಾರಣೆ ಮಾಡದೆ ವಜಾ ಮಾಡುವಂತಿಲ್ಲ, ಕೆಲವು ವಿನಾಯಿತಿ ಬಿಟ್ಟು.

ಹಿತ್ತಾಳೆ ಕದ್ದವನಿಗೆ ನಾಲ್ಕು ತಿಂಗಳು ಕೊಟ್ಟದ್ದನ್ನು ಕಂಡವಳು ನಾನು. ಹದಿನೇಳನೇ ವಯಸ್ಸಿನಲ್ಲಿ ಒಂದು ಕೆಟ್ಟ ಚಿತ್ರ ಹಂಚಿಕೊಂಡವನಿಗೆ ಎರಡು ಗಂಟೆಯನ್ನೂ ಕೊಡಲಿಲ್ಲ. ಇದನ್ನು ಹೇಳೋಕೇ ಇಲ್ಲಿಗೆ ಬಂದದ್ದು. ಉಳಿದದ್ದೆಲ್ಲಾ ಇದರ ಸುತ್ತಲಿನದು.

ಆ ಪೋಸ್ಟ್ ಕೆಟ್ಟದ್ದು. ಅದರಲ್ಲಿ ನನಗೆ ಅನುಮಾನ ಇಲ್ಲ. "ಸುಮ್ನೆ ಜೋಕು" ಅಂತ ಯಾರಾದರೂ ಅಂದರೆ ಒಪ್ಪುವುದಿಲ್ಲ. ಆದರೆ ಅದು ಯಾವ ಕಾಲದ್ದು ಅಂತ ನೋಡಿ. ಜಿಯೋ ಶುರುವಾದದ್ದು 2016ರ ಸೆಪ್ಟೆಂಬರಿನಲ್ಲಿ. ಮುಂದಿನ ಮಾರ್ಚ್ ಕೊನೆಯವರೆಗೆ ಡೇಟಾ ಪುಕ್ಕಟೆ. ಜಗಳೂರು, ಹರಪನಹಳ್ಳಿ, ಮೊಳಕಾಲ್ಮೂರು ಕಡೆಯ ಹಳ್ಳಿ ಹುಡುಗರ ಕೈಗೆ ಇಂಟರ್ನೆಟ್ ಪೂರ್ತಿಯಾಗಿ ಬಂದದ್ದು ಆವಾಗ. ಅದಕ್ಕೆ ಮುಂಚೆ ಮೂವತ್ತು ರೂಪಾಯಿಯ ಡೇಟಾ ಪ್ಯಾಕನ್ನು ಮೂರು ದಿನ ಎಳೆದಾಡುತ್ತಿದ್ದವರು. ಪಬ್ಲಿಕ್ ಅಂದರೇನು, ಫ್ರೆಂಡ್ಸ್ ಅಂದರೇನು, ಯಾರು ಹೇಳಿಕೊಟ್ಟಿದ್ದರು? ಅವರ ಪಾಲಿಗೆ ಅದು ಅರಳಿಕಟ್ಟೆ. ಊರಿನ ಅರಳಿಕಟ್ಟೆ ಮೇಲೆ ನಮ್ಮಪ್ಪನ ಕಾಲದವರು ಆಡಿದ ಮಾತು ಇದಕ್ಕಿಂತ ಕೆಟ್ಟದಾಗಿತ್ತು. ನಾನೇ ಕೇಳಿದ್ದೇನೆ. ಅವರಲ್ಲಿ ಕೆಲವರು ಹೆಡ್‌ಮಾಸ್ಟರಾಗಿ ಹಾರ ಹಾಕಿಸಿಕೊಂಡು ರಿಟೈರ್ ಆದರು. ಆ ಮಾತನ್ನು ಯಾರೂ ಬರೆದಿಟ್ಟಿರಲಿಲ್ಲ, ಅಷ್ಟೇ ವ್ಯತ್ಯಾಸ.

ಚಿಕ್ಕ ವಯಸ್ಸಿನ ತಪ್ಪಿನ ಬಗ್ಗೆ ನಮ್ಮ ಕಾನೂನು ಇಷ್ಟು ಗಡುಸಾಗಿಲ್ಲ. ಹದಿನೆಂಟು ತುಂಬದವನು ಒಂದು ಅಪರಾಧ ಮಾಡಿ ಬಾಲನ್ಯಾಯ ಮಂಡಳಿ ಮುಂದೆ ನಿಂತ ಅಂತ ಇಟ್ಟುಕೊಳ್ಳಿ. ಅದರಿಂದ ಅವನಿಗೆ ಮುಂದೆ ಅನರ್ಹತೆ ಅಂಟಿಕೊಳ್ಳಬಾರದು, ದಾಖಲೆಯನ್ನು ಇಂತಿಷ್ಟು ಕಾಲ ಆದ ಮೇಲೆ ನಾಶ ಮಾಡಬೇಕು ಅಂತ 2015ರ ಬಾಲನ್ಯಾಯ ಕಾಯ್ದೆ ಹೇಳುತ್ತದೆ. ಹದಿನಾರು ದಾಟಿದವರ ಘೋರ ಅಪರಾಧಗಳು ಬೇರೆ. ಅಂದರೆ ಹದಿನೇಳರಲ್ಲಿ ಆ ಹುಡುಗ ಪೋಸ್ಟ್ ಹಾಕುವ ಬದಲು ಸೈಕಲ್ ಕದ್ದಿದ್ದರೆ, ಇಪ್ಪತ್ಮೂರರಲ್ಲಿ ಅದನ್ನು ಅವನ ಮುಂದೆ ಇಡುವ ಹಾಗೇ ಇರಲಿಲ್ಲ.

ಸುಪ್ರೀಂ ಕೋರ್ಟಿಗೂ ಇಂಥ ವಿಷಯ ಹೋಗಿದೆ. ಹಳೇ ಕ್ರಿಮಿನಲ್ ಕೇಸನ್ನು ಅರ್ಜಿಯಲ್ಲಿ ಮುಚ್ಚಿಟ್ಟು ಕೆಲಸಕ್ಕೆ ಸೇರಲು ಬಂದವರ ಕಥೆ. 2011ರಲ್ಲಿ ದೆಹಲಿ ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿದ್ದ ಒಬ್ಬನ ಪ್ರಕರಣದಲ್ಲಿ, ಹುಡುಗು ವಯಸ್ಸಿನ ತಪ್ಪುಗಳನ್ನು ಜೀವನಪೂರ್ತಿ ಹಣೆಪಟ್ಟಿ ಮಾಡಬಾರದು ಎಂಬ ಧಾಟಿಯಲ್ಲಿ ಕೋರ್ಟ್ ಮಾತಾಡಿತು. 2016ರಲ್ಲಿ ಅವತಾರ್ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳು ಇನ್ನೂ ಬಿಡಿಸಿ ಹೇಳಿದರು. ಎಳೆ ವಯಸ್ಸಿನಲ್ಲಿ ಘೋಷಣೆ ಕೂಗಿದಂಥ ಸಣ್ಣ ವಿಷಯವಾದರೆ, ಮುಚ್ಚಿಟ್ಟಿದ್ದರೂ ಸರಿ, ಕೆಲಸ ಕೊಡುವವರು ಅದನ್ನು ಬದಿಗಿಡಬಹುದು. ನೋಡಿ, ಇವು ಸುಳ್ಳು ಹೇಳಿದವರ ಕೇಸುಗಳು. ನಮ್ಮ ಹುಡುಗ ಸುಳ್ಳನ್ನೂ ಹೇಳಿರಲಿಲ್ಲ. ಸುಳ್ಳು ಬರೆದದ್ದು ನಾನು.

ಖಾಸಗಿತನ ಮೂಲಭೂತ ಹಕ್ಕು ಅಂತ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತಲ್ಲ, ಆ ಕೇಸು ಹಾಕಿದ ಕೆ.ಎಸ್. ಪುಟ್ಟಸ್ವಾಮಿ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಆ ತೀರ್ಪಿನಲ್ಲಿ ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಬರೆದ ಭಾಗದಲ್ಲಿ ಒಂದು ಮಾತಿದೆ: ಮನುಷ್ಯರು ಮರೆಯುತ್ತಾರೆ, ಇಂಟರ್ನೆಟ್ ಮರೆಯುವುದಿಲ್ಲ, ಮನುಷ್ಯರು ಮರೆಯೋಕೂ ಬಿಡುವುದಿಲ್ಲ. ಆ ತೀರ್ಪು ಬಂದದ್ದೂ 2017, ಹುಡುಗ ಪೋಸ್ಟ್ ಹಾಕಿದ್ದೂ 2017. ಕಾಕತಾಳೀಯ. ನನಗೆ ಮಾತ್ರ ಯಾಕೋ ಚುಚ್ಚುತ್ತದೆ.

ದೊಡ್ಡವರಿಗೆ ಏನಾಯಿತು ನೋಡೋಣ. ನಿಮ್ಮಲ್ಲಿ ಕ್ರಿಕೆಟ್ ನೋಡುವವರು ಜಾಸ್ತಿ ಅಲ್ವಾ? 2021ರ ಜೂನ್ 2, ಲಾರ್ಡ್ಸ್, ನ್ಯೂಜಿಲೆಂಡ್ ಎದುರು ಟೆಸ್ಟ್. ಆಲಿ ರಾಬಿನ್ಸನ್ ಅಂತ ಇಂಗ್ಲೆಂಡಿನ ಬೌಲರ್, ಅವತ್ತೇ ಮೊದಲ ಟೆಸ್ಟ್. ಬೆಳಿಗ್ಗೆ ತಂಡದವರೆಲ್ಲ ತಾರತಮ್ಯದ ವಿರುದ್ಧ ಬರಹ ಇದ್ದ ಟೀ ಶರ್ಟ್ ಹಾಕಿಕೊಂಡು ನಿಂತರು. ಸಂಜೆಯೊಳಗೆ ಅವನ 2012, 2013ರ ಟ್ವೀಟುಗಳು ಹೊರಬಿದ್ದವು. ಜನಾಂಗದ ಬಗ್ಗೆ, ಹೆಂಗಸರ ಬಗ್ಗೆ. ಬರೆದಾಗ ಹದಿನೆಂಟು ಹತ್ತೊಂಬತ್ತರ ವಯಸ್ಸು. ಅವನು ಆ ಟೆಸ್ಟಿನಲ್ಲಿ ಏಳು ವಿಕೆಟ್ ತೆಗೆದ, ಕ್ಷಮೆ ಕೇಳಿದ, ಸಸ್ಪೆಂಡ್ ಆದ. ವಿಚಾರಣೆ ನಡೀತು. ಎಂಟು ಪಂದ್ಯ ನಿಷೇಧ, ಅದರಲ್ಲಿ ಐದು ಪಂದ್ಯದ್ದನ್ನು ಎರಡು ವರ್ಷದ ಮಟ್ಟಿಗೆ ತಡೆಹಿಡಿದರು, ಜೊತೆಗೆ 3,200 ಪೌಂಡ್ ದಂಡ. ಆಗಸ್ಟಿನಲ್ಲಿ ವಾಪಸ್ ಬಂದು ಟ್ರೆಂಟ್‌ಬ್ರಿಜ್‌ನಲ್ಲಿ ನಮ್ಮವರ ಐದು ವಿಕೆಟ್ ಕಿತ್ತ.

ನಮ್ಮ ಕೆ.ಎಲ್. ರಾಹುಲ್, ಜೊತೆಗೆ ಹಾರ್ದಿಕ್ ಪಾಂಡ್ಯ, ಇಬ್ಬರನ್ನೂ 2019ರ ಜನವರಿಯಲ್ಲಿ ಟಿ.ವಿ. ಕಾರ್ಯಕ್ರಮದಲ್ಲಿ ಆಡಿದ ಮಾತಿಗೆ ಆಸ್ಟ್ರೇಲಿಯಾದಿಂದ ವಾಪಸ್ ಕಳಿಸಿದರು. ಅದು ಹಳೇ ಪೋಸ್ಟ್ ಅಲ್ಲ, ಹೊಸ ಮಾತು. ಆದರೂ ವಿಚಾರಣೆ ಆಯಿತು, ತಲಾ 20 ಲಕ್ಷ ದಂಡ ಬಿತ್ತು. ರಾಹುಲ್ ಆಮೇಲೆ ಭಾರತ ತಂಡದ ನಾಯಕತ್ವವನ್ನೂ ವಹಿಸಿದರು.

ಹಾಲಿವುಡ್ ನಿರ್ದೇಶಕ ಜೇಮ್ಸ್ ಗನ್ ಹತ್ತು ವರ್ಷದಷ್ಟು ಹಳೇ ಟ್ವೀಟುಗಳಿಂದ 2018ರ ಜುಲೈನಲ್ಲಿ ಡಿಸ್ನಿಯ ಕೆಲಸ ಕಳೆದುಕೊಂಡರು. ಹೊಲಸು ಜೋಕುಗಳೇ, ಸಮರ್ಥನೆ ಮಾಡೋ ಹಾಗಿಲ್ಲ. ಮುಂದಿನ ಮಾರ್ಚಿನಲ್ಲಿ ಅದೇ ಡಿಸ್ನಿ ಕರೆದು ಕೆಲಸ ವಾಪಸ್ ಕೊಟ್ಟಿತು.

ಇವರಿಗೆಲ್ಲಾ ಒಂದು ವಾಪಸ್ ದಾರಿ ಇತ್ತು. ಯಾಕೆಂದರೆ ಅವರು ಬೇಕಾಗಿದ್ದರು. ವಿಕೆಟ್ ತೆಗೆಯುವವನು ಬೇಕು, ಸಿನಿಮಾ ಓಡಿಸುವವನು ಬೇಕು. ಜಗಳೂರಿನ ಬಿ.ಕಾಂ. ಹುಡುಗ ಯಾರಿಗೆ ಬೇಕು? ಅವನ ಜಾಗಕ್ಕೆ ಸೋಮವಾರ ಇನ್ನೊಬ್ಬ ಬಂದ. 2013ರಲ್ಲಿ ಲಂಡನ್ನಿನಿಂದ ಕೇಪ್‌ಟೌನಿಗೆ ಹೊರಟ ಒಬ್ಬ ಕಂಪನಿ ಅಧಿಕಾರಿ ವಿಮಾನ ಹತ್ತುವ ಮುಂಚೆ ಒಂದು ಕೆಟ್ಟ ಜೋಕ್ ಟ್ವೀಟ್ ಮಾಡಿದರು. ಅವರಿಗಿದ್ದ ಫಾಲೋವರ್ಸ್ ನೂರ ಎಪ್ಪತ್ತು ಚಿಲ್ಲರೆ. ವಿಮಾನ ಹನ್ನೊಂದು ಗಂಟೆ ಹಾರಿತು. ಅವರು ಫೋನ್ ಆನ್ ಮಾಡುವಷ್ಟರಲ್ಲಿ ಜಗತ್ತೆಲ್ಲ ಅವರ ಹೆಸರು ಹಿಡಿದು ಬೈಯುತ್ತಿತ್ತು. ಕೆಲಸವೂ ಹೋಯಿತು.

ನಮ್ಮೂರಿನದೇ ಒಂದು ಉದಾಹರಣೆ ಹೇಳದೆ ಇರೋಕೆ ಆಗಲ್ಲ. ಬೌಲರ್ ವಿನಯ್ ಕುಮಾರ್, ದಾವಣಗೆರೆ ಎಕ್ಸ್‌ಪ್ರೆಸ್. 2013ರ ನವೆಂಬರ್ 2, ಚಿನ್ನಸ್ವಾಮಿ ಮೈದಾನ, ಆಸ್ಟ್ರೇಲಿಯಾ. ಒಂಬತ್ತು ಓವರಿಗೆ 102 ರನ್. ರೋಹಿತ್ ಶರ್ಮಾ 209 ಹೊಡೆದ ಮ್ಯಾಚು ಅದು, ನಾವು ಗೆದ್ದೆವು ಕೂಡ. ಆದರೆ ಫೇಸ್‌ಬುಕ್ ತುಂಬಾ ವಿನಯ್ ಮೇಲಿನ ಜೋಕುಗಳು. ಅದೇ ಅವರ ಕೊನೆಯ ಏಕದಿನ ಪಂದ್ಯವಾಯಿತು. ಅದೇ ಸೀಸನ್ನಿನಲ್ಲಿ ಅವರ ನಾಯಕತ್ವದಲ್ಲಿ ಕರ್ನಾಟಕ ರಣಜಿ ಗೆದ್ದಿತು, ಮುಂದಿನ ಸೀಸನ್ನಿನಲ್ಲಿ ಮತ್ತೆ ಗೆದ್ದಿತು. ರನ್ ಕೊಡುವುದು ತಪ್ಪಲ್ಲ, ಜಾತಿ ಹಿಡಿದು ಹಂಗಿಸುವುದು ತಪ್ಪು. ಹಾಗಾಗಿ ಹೋಲಿಕೆ ಪೂರ್ತಿ ಕೂಡುವುದಿಲ್ಲ, ಒಪ್ಪುತ್ತೇನೆ. ಒಬ್ಬ ಮನುಷ್ಯನ ಬಗ್ಗೆ ಹುಡುಕುವಾಗ ನಮ್ಮ ಕೈ ಮೊದಲು ಯಾವುದರ ಮೇಲೆ ಹೋಗುತ್ತದೆ ಅನ್ನೋದಕ್ಕೆ ಹೇಳಿದೆ.

ಹುಡುಕುವ ಕೈ ಅಂದೆ. ಆ ಸ್ಕ್ರೀನ್‌ಶಾಟ್ ಕಳಿಸಿದ್ದು ಯಾರು ಅಂತ ನಿಮಗೆ ಕುತೂಹಲ ಇರಬೇಕು. ಅದೇ ವಿಭಾಗದ ಇನ್ನೊಬ್ಬ. ಜಗಳೂರಿನ ಹುಡುಗನನ್ನು ಖಾಯಂ ಮಾಡಿ, ಬೆಂಗಳೂರು ಆಫೀಸಿಗೆ ಕಳಿಸುವ ಮಾತು ನಡೆದಿತ್ತು. ಅಲ್ಲಿಗೆ ಹೋಗುವ ಆಸೆ ಅವನಿಗೂ ಇತ್ತು. ಆರು ವರ್ಷದ ಪೋಸ್ಟುಗಳನ್ನು ಒಂದೊಂದಾಗಿ ಹಿಂದಕ್ಕೆ ಸರಿಸಿಕೊಂಡು ಹೋಗೋಕೆ ಎಷ್ಟು ತಾಳ್ಮೆ ಬೇಕು ಯೋಚಿಸಿ. ಜಾತಿ ನಿಂದನೆ ಕಂಡು ಹೊಟ್ಟೆ ಉರಿದವನು ಮಾಡುವ ಕೆಲಸ ಅಲ್ಲ ಅದು. ಆ ಹೊಟ್ಟೆ ಉರಿ ಬೇರೆ. ನಾನು ಅದನ್ನು ಕೇಳಲೇ ಇಲ್ಲ. ಕಳಿಸಿದವನ ಉದ್ದೇಶ ಕೆಟ್ಟದ್ದು ಅಂದ ಮಾತ್ರಕ್ಕೆ ಪೋಸ್ಟ್ ಒಳ್ಳೆಯದಾಗುವುದಿಲ್ಲ, ನಿಜ. ಆದರೆ ಎಂಕ್ವೈರಿಯಲ್ಲಿ ಕೂತಿದ್ದರೆ ನಾನು ಮೊದಲು ಕೇಳುತ್ತಿದ್ದ ಪ್ರಶ್ನೆ ಅದೇ: ದೂರು ಕೊಟ್ಟವರು ಯಾರು, ಯಾಕೆ, ಈಗಲೇ ಯಾಕೆ?

ಇಲ್ಲಿಗೆ ನಿಲ್ಲಿಸಿದ್ದರೆ ಇದು ಪಾಪದ ಹುಡುಗನ ಕಥೆ ಆಗುತ್ತಿತ್ತು. ನಾನೂ ಒಂದು ತಿಂಗಳು ಹಾಗೇ ಅಂದುಕೊಂಡಿದ್ದೆ. ಆಮೇಲೆ ಕ್ಯಾಂಟೀನಿನಲ್ಲಿ ಅಕೌಂಟ್ಸ್‌ನ ಒಬ್ಬಳು ನನ್ನ ಎದುರು ಬಂದು ಕೂತಳು. ಆ ಪೋಸ್ಟಿನಲ್ಲಿ ಬರೆದಿದ್ದ ಜಾತಿಯವಳು. ನನಗಿಂತ ಹದಿನೈದು ವರ್ಷ ಚಿಕ್ಕವಳು, ನನ್ನನ್ನು ಅಕ್ಕಾ ಅಂತಲೇ ಕರೆಯುತ್ತಿದ್ದಳು.

"ಅಕ್ಕಾ, ಅವನನ್ನ ತೆಗೆದದ್ದು ನನ್ನಿಂದ ಅಂತ ಎಲ್ಲಾರೂ ಅನ್ಕೊಂಡಿದಾರೆ. ಈಗ ನನ್ನ ಟೇಬಲ್ ಹತ್ರ ಊಟಕ್ಕೆ ಯಾರೂ ಬರಲ್ಲ."

ನನಗೆ ಇದು ಗೊತ್ತೇ ಇರಲಿಲ್ಲ. "ನೀನು ದೂರು ಕೊಟ್ಟಿಲ್ಲವಲ್ಲ" ಅಂದೆ.

"ನಾನು ಆ ಪೋಸ್ಟ್ ನೋಡಿದ್ದೇ ಅವನು ಹೋದ ಮೇಲೆ. ನನ್ನನ್ನ ಯಾರಾದ್ರೂ ಒಂದು ಮಾತು ಕೇಳಿದ್ರಾ?"

ಕೇಳಿದ್ದರೆ ಏನು ಹೇಳುತ್ತಿದ್ದೆ ಅಂತ ಕೇಳಿದೆ.

"ಅವನನ್ನ ನನ್ನ ಎದುರು ಕೂರಿಸಿ ಅಂತಿದ್ದೆ. ನನ್ನ ಡಬ್ಬಿಯಿಂದ ಶೇಂಗಾ ಚಟ್ನಿ ಹಾಕ್ಕೊಂಡು ತಿಂತಿದ್ದ ಅಕ್ಕಾ ಅವನು. ಹತ್ತು ತಿಂಗಳು. ಅವಾಗ ಬರೆದದ್ದನ್ನ ಈಗಲೂ ನಂಬ್ತಾನಾ ಅಂತ ಅವನ ಬಾಯಿಂದಲೇ ಕೇಳಬೇಕಿತ್ತು. ಹೌದು ಅಂದಿದ್ರೆ ನಾನೇ ಕಳಿಸಿ ಅಂತಿದ್ದೆ."

"ಅಲ್ಲ ಅಂದಿದ್ದರೆ ಕ್ಷಮಿಸ್ತಿದ್ದೆಯಾ?"

"ಗೊತ್ತಿಲ್ಲ. ನಿಮಗೆ ಕ್ಷಮಿಸೋದು ಸುಲಭ, ಅದು ನಿಮ್ಮ ಬಗ್ಗೆ ಬರೆದದ್ದಲ್ಲ. ತೆಗೆದುಹಾಕೋದೂ ನಿಮಗೆ ಸುಲಭ. ಎರಡನ್ನೂ ನನ್ನ ಹೆಸರಲ್ಲಿ ನೀವೇ ಮಾಡ್ತೀರಿ."

ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಕಂಪನಿ ಉಳಿಸಿಕೊಂಡದ್ದು ತನ್ನ ಹೆಸರನ್ನು. ಆ ಹುಡುಗನಿಗೆ ಪಾಠ ಕಲಿಸಲಿಲ್ಲ, ಈ ಹುಡುಗಿಗೆ ನ್ಯಾಯ ಕೊಡಲಿಲ್ಲ. ಇಬ್ಬರೂ ಒಂದೇ ಡಬ್ಬಿಯಲ್ಲಿ ಉಣ್ಣುತ್ತಿದ್ದವರು. ಆ ಡಬ್ಬಿಯನ್ನು ಮುಚ್ಚಿಸಿದ್ದು ನನ್ನ ಪತ್ರ.

ಹಾಗಾದರೆ ಹಳೇ ಪೋಸ್ಟಿಗೆ ಕೆಲಸ ಹೋಗಲೇಬಾರದಾ? ಹಾಗೆ ನಾನು ಹೇಳುವುದಿಲ್ಲ. ಕೆಲವು ಕೆಲಸಗಳಲ್ಲಿ ಹೋಗಬೇಕು. ನನ್ನ ಅಳತೆ ಒಂದೇ. ಅವನು ಯಾರನ್ನು ಹಂಗಿಸಿದ್ದಾನೋ ಅವರ ಬದುಕು ಇವತ್ತು ಅವನ ಕೈಯಲ್ಲಿದೆಯಾ? ಒಂದು ಸಮುದಾಯವನ್ನು ಕೊಲ್ಲಬೇಕು ಅಂತ ಬರೆದವನು ಆ ಸಮುದಾಯ ಇರುವ ಊರಿಗೆ ಸಬ್ ಇನ್‌ಸ್ಪೆಕ್ಟರ್ ಆಗಿ ಬಂದರೆ ನಾನು ಸುಮ್ಮನಿರಲ್ಲ. ಹೆಣ್ಣುಮಕ್ಕಳ ಮೈಬಗ್ಗೆ ಬರೆದವನು ಹೈಸ್ಕೂಲ್ ಮೇಷ್ಟ್ರಾಗಿ ಬಂದರೂ ಅಷ್ಟೇ. ಪರೀಕ್ಷೆಯ ಅಂಕ, ಎಫ್.ಐ.ಆರ್., ಸಂದರ್ಶನದ ಟಿಪ್ಪಣಿ, ಇವು ಯಾರ ಕೈಯಲ್ಲಿವೆಯೋ ಅವರಿಗೆ ಅಳತೆ ಬಿಗಿಯಾಗಿರಬೇಕು. ಟ್ಯಾಲಿ ಅನ್ನೋ ಲೆಕ್ಕದ ಸಾಫ್ಟ್‌ವೇರಿನಲ್ಲಿ ವೋಚರ್ ಹೊಡೆಯುವ ಹುಡುಗನಿಗೂ ಅದೇ ಅಳತೆ ಅಂದರೆ ಹೇಗೆ? ಬಿಗಿ ಅಳತೆಯವರಿಗೂ ವಿಚಾರಣೆ ಬೇಕು. ಕದ್ದವನಿಗೇ ಕೊಟ್ಟಿದ್ದೇವಲ್ಲ.

ಮಧ್ಯೆ ಒಂದು ಮಾತು. ಆಕ್ಷೇಪಾರ್ಹ ಅನ್ನೋ ಪದ ಬಹಳ ಸಡಿಲ. 2023ರ ಮೇ ತಿಂಗಳಲ್ಲಿ ಚಿತ್ರದುರ್ಗ ಜಿಲ್ಲೆಯಲ್ಲಿ ಒಬ್ಬ ಸರ್ಕಾರಿ ಶಾಲೆ ಶಿಕ್ಷಕರು ಅಮಾನತಾದರು. ಹೊಸ ಸರ್ಕಾರದ ಉಚಿತ ಯೋಜನೆಗಳನ್ನು ಟೀಕಿಸಿ, ಯಾವ ಮುಖ್ಯಮಂತ್ರಿ ಕಾಲದಲ್ಲಿ ಎಷ್ಟು ಸಾಲ ಅಂತ ಪೋಸ್ಟ್ ಹಾಕಿದ್ದಕ್ಕೆ. ಸರ್ಕಾರಿ ನೌಕರರ ನಡತೆ ನಿಯಮದಲ್ಲಿ ಸರ್ಕಾರವನ್ನು ಟೀಕಿಸಬಾರದು ಅಂತ ಇದೆ, ನನಗೆ ಗೊತ್ತು. ಆದರೆ ಸರ್ಕಾರಕ್ಕೆ ಬೇಸರ ಆಗುವ ಮಾತು ಬೇರೆ, ಹುಟ್ಟನ್ನು ಹಿಡಿದು ಒಬ್ಬರನ್ನು ಹಂಗಿಸುವ ಮಾತು ಬೇರೆ. ಎರಡನ್ನೂ ಒಂದೇ ಫೈಲಿನಲ್ಲಿ ಇಟ್ಟರೆ, ನಾಳೆ ಎರಡನೆಯದರ ಹೆಸರು ಹೇಳಿ ಮೊದಲನೆಯದಕ್ಕೆ ಕತ್ತರಿ ಹಾಕುತ್ತಾರೆ. ಐ.ಟಿ. ಕಾಯ್ದೆಯ 66ಎ ಸೆಕ್ಷನ್ ಮಾಡಿದ್ದೂ ಅದನ್ನೇ. ಕಿರಿಕಿರಿ ಆಗುವ ಮಾತಿಗೂ ಜೈಲು ಅಂತ ಇದ್ದ ಅದನ್ನು ಸುಪ್ರೀಂ ಕೋರ್ಟ್ 2015ರ ಮಾರ್ಚಿನಲ್ಲಿ ರದ್ದು ಮಾಡಿತು.

ನಮ್ಮ ಹಳೇ ಜಿಲ್ಲೆಯ ಒಂದು ಬಂಡೆ ನೆನಪಾಗುತ್ತದೆ. ಹಳೇ ಜಿಲ್ಲೆ ಅಂದದ್ದು ಯಾಕೆ ಅಂದರೆ 1997ರವರೆಗೆ ದಾವಣಗೆರೆಯೂ ಚಿತ್ರದುರ್ಗವೂ ಒಂದೇ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ನೀವು ಟ್ರಿಪ್ ಹೋಗಿರಬಹುದು, ಸೆಲ್ಫಿ ತೆಗೆದು ಬಂದಿರಬಹುದು. ಅಲ್ಲಿ ಅಶೋಕನ ಶಾಸನ ಇದೆ. ಅದರಲ್ಲಿ ಏನು ಬರೆದಿದೆ ಗೊತ್ತಾ? ನಾನು ಉಪಾಸಕನಾಗಿ ಎರಡೂವರೆ ವರ್ಷಕ್ಕಿಂತ ಜಾಸ್ತಿ ಆಯಿತು, ಆದರೆ ಒಂದು ವರ್ಷ ಸರಿಯಾಗಿ ಶ್ರಮ ಪಡಲಿಲ್ಲ, ಸಂಘದ ಹತ್ತಿರ ಹೋದ ಮೇಲೆ ಶ್ರಮ ಪಡುತ್ತಿದ್ದೇನೆ ಅಂತ. ಒಬ್ಬ ಚಕ್ರವರ್ತಿ ಇಸಿಲ ಅನ್ನೋ ಅಲ್ಲಿನ ಹಳೇ ಊರಿನ ಅಧಿಕಾರಿಗಳಿಗೆ ಆದೇಶ ಕಳಿಸುವಾಗ, ನಾನು ಒಂದು ವರ್ಷ ಸೋಮಾರಿಯಾಗಿದ್ದೆ ಅಂತ ಕಲ್ಲಿನಲ್ಲಿ ಕೊರೆಸುತ್ತಾನೆ! ಹಿಂದಿನದನ್ನು ಅಳಿಸಲಿಲ್ಲ. ಪಕ್ಕದಲ್ಲೇ ಮುಂದಿನದನ್ನು ಬರೆಸಿದ. ನಾವು ಸ್ಕ್ರೀನ್‌ಶಾಟ್ ತೆಗೆಯುವಾಗ ಮೊದಲ ಸಾಲನ್ನು ಮಾತ್ರ ಕತ್ತರಿಸಿಕೊಳ್ಳುತ್ತೇವೆ.

ನಿಮ್ಮ ಪ್ಲೇಸ್‌ಮೆಂಟ್ ಆಫೀಸರ್ ಏನಾದರೂ ಉಪಯೋಗದ ಮಾತು ಹೇಳಿ ಅಂದಿದ್ದಾರೆ. ಬೇಗ ಹೇಳಿ ಮುಗಿಸುತ್ತೇನೆ. ಕೆಲಸಕ್ಕೆ ತಗೊಳ್ಳುವ ಮುಂಚೆ ಕಂಪನಿಗಳು ನಿಮ್ಮ ಸೋಷಿಯಲ್ ಮೀಡಿಯಾ ನೋಡುತ್ತವೆ. ಕೆಲವು ಕಡೆ ಇದಕ್ಕೆ ಅಂತಲೇ ಬೇರೆ ಏಜೆನ್ಸಿ ಇರುತ್ತದೆ. ಅಮೆರಿಕಕ್ಕೆ ಓದೋಕೆ ಹೋಗುವವರು ಇದ್ದೀರಿ. 2019ರಿಂದ ವೀಸಾ ಅರ್ಜಿಯಲ್ಲೇ ಹಿಂದಿನ ಐದು ವರ್ಷ ಬಳಸಿದ ಖಾತೆಗಳ ಹೆಸರು ಕೇಳುತ್ತಾರೆ. 2025ರ ಜೂನಿನಿಂದ ವಿದ್ಯಾರ್ಥಿಗಳು ಆ ಖಾತೆಗಳನ್ನು ಪಬ್ಲಿಕ್ ಮಾಡಬೇಕು ಅಂತಲೂ ಹೇಳಿದ್ದಾರೆ. ಫೇಸ್‌ಬುಕ್‌ನಲ್ಲಿ ಹಳೇ ಪೋಸ್ಟ್‌ಗಳನ್ನೆಲ್ಲ ಒಟ್ಟಿಗೆ ಫ್ರೆಂಡ್ಸ್‌ಗೆ ಮಾತ್ರ ಕಾಣುವ ಹಾಗೆ ಮಾಡಬಹುದು, ಗುಂಪಾಗಿ ಅಳಿಸಲೂಬಹುದು. ಸೆಟ್ಟಿಂಗ್ಸ್‌ನಲ್ಲಿದೆ. ನನಗಿಂತ ಚೆನ್ನಾಗಿ ನಿಮಗೇ ಗೊತ್ತು. ಇನ್ನೊಬ್ಬರ ಮೊಬೈಲಿನಲ್ಲಿ ಇರುವ ಸ್ಕ್ರೀನ್‌ಶಾಟ್ ಅಳಿಸೋಕೆ ಮಾತ್ರ ಯಾವ ಸೆಟ್ಟಿಂಗೂ ಇಲ್ಲ. ಒಂದು ದಿನ ನಿಮ್ಮನ್ನೂ ಕರೆಸಿ ತೋರಿಸಿದರೆ, "ಎಲ್ಲರೂ ಹಾಕ್ತಿದ್ರು" ಅನ್ನಬೇಡಿ. ಆ ಮಾತು ಕೇಳಿ ನನಗೆ ಅವನ ಮೇಲೆ ಸಿಟ್ಟು ಬಂದದ್ದು ನಿಜ. ನಾನು ಹಾಕಿದ್ದು, ಅದು ತಪ್ಪು, ಈಗ ಹೀಗೆ ಯೋಚಿಸುತ್ತೇನೆ ಅಂತ ಹೇಳಿ. ವಿಚಾರಣೆ ಬೇಕು ಅಂತ ಬರವಣಿಗೆಯಲ್ಲಿ ಕೇಳಿ. ಪೆನ್ನು ಮುಂದಿಟ್ಟ ತಕ್ಷಣ ಸಹಿ ಮಾಡಬೇಡಿ.

ಈ ಮಾತಿಗೆ ತಯಾರಾಗುವಾಗ ನನ್ನದೇ ಹಳೇ ಫೇಸ್‌ಬುಕ್ ತೆಗೆದು ನೋಡಿದೆ. 2012ರದ್ದು ಒಂದು ಸಿಕ್ಕಿತು. ನಮ್ಮ ಬೀದಿಯ ಒಂದು ಬಾಡಿಗೆ ರೂಮಿನಲ್ಲಿ ಉತ್ತರದ ಕಡೆಯಿಂದ ಬಂದ ಕಾರ್ಮಿಕರು ಇದ್ದರು. "ಇವರು ಬಂದ ಮೇಲೆ ನಮ್ಮ ಬೀದಿ ಗಬ್ಬೆದ್ದು ಹೋಗಿದೆ, ಇಂಥೋರನ್ನ ಊರಿಗೆ ಬಿಟ್ಟುಕೊಳ್ಳಬಾರದು" ಅಂತ ಬರೆದಿದ್ದೆ. ಆಗ ನನಗೆ ಮೂವತ್ತೊಂಬತ್ತು. ಪಿಯುಸಿ ಅಲ್ಲ. ಆ ವರ್ಷ ನಮ್ಮ ಕಂಪನಿಗೆ ಬಂದ ಗುತ್ತಿಗೆ ಕಾರ್ಮಿಕರಲ್ಲಿ ಯಾರನ್ನು ತಗೋಬೇಕು, ಯಾರನ್ನು ಬಿಡಬೇಕು ಅಂತ ಪಟ್ಟಿಗೆ ಸಹಿ ಹಾಕುತ್ತಿದ್ದವಳೂ ನಾನೇ. ನಾನು ಈಗಷ್ಟೇ ನಿಮಗೆ ಹೇಳಿದ ಅಳತೆ ಹಿಡಿದರೆ, ಆ ಗುರುವಾರ ಕೆಲಸ ಹೋಗಬೇಕಾಗಿದ್ದವರು ಟೇಬಲ್ಲಿನ ಈ ಕಡೆ ಕೂತಿದ್ದರು.

ಇಷ್ಟು ಹೇಳಿ ಕೂತೆ. ಪ್ರಶ್ನೆಗಳು ಬಂದವು. ಹೆಚ್ಚಿನವು ಸಂಬಳದ ಬಗ್ಗೆ. ಒಬ್ಬ ಹುಡುಗ ಆ ಜಗಳೂರಿನವನು ಈಗ ಏನು ಮಾಡುತ್ತಿದ್ದಾನೆ ಅಂತ ಕೇಳಿದ. ಹೊಸಪೇಟೆಯಲ್ಲಿ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ, ನಾನು ಎರಡು ಸಲ ಫೋನ್ ಮಾಡಿದೆ, ಎತ್ತಲಿಲ್ಲ ಅಂದೆ. ಕೊನೆಗೆ, ಮಾತಿನ ಶುರುವಿನಲ್ಲೇ ಮೊಬೈಲ್ ತೆಗೆದಿದ್ದ ಆ ಹಿಂದಿನ ಸಾಲಿನ ಹುಡುಗಿ ಎದ್ದು ನಿಂತಳು.

"ಮೇಡಂ, ನಿಮ್ಮ ಆ ಪೋಸ್ಟ್ ಅಳಿಸಿದ್ರಾ?"

"ಅಳಿಸಿದೆ" ಅಂದೆ. "ಅಳಿಸೋ ಮುಂಚೆ ಒಂದು ಸ್ಕ್ರೀನ್‌ಶಾಟ್ ತೆಗೆದು ಇಟ್ಟುಕೊಂಡಿದ್ದೇನೆ. ಬೇಕಾದರೆ ಬಂದು ನೋಡಿ."

ಬಂದಳು. ಪೂರ್ತಿ ಓದಿದಳು. ಏನೂ ಹೇಳದೆ ಮೊಬೈಲ್ ವಾಪಸ್ ಕೊಟ್ಟಳು.